ಹೆಸರು ಬರೆಯದ ರ‍್ಯಾಮ್

ಜನವರಿ 27, ಮಂಗಳವಾರ. ಮಧ್ಯಾಹ್ನ 3.40

ಗೇಮ್ ಇವತ್ತು ಮೂರು ಸಲ ಹ್ಯಾಂಗ್! ಮೂರನೇ ಸಲ ನಾನು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿ. ಹೆಡ್‌ಸೆಟ್‌ನಲ್ಲಿ ಅಫ್ರೀದ್ ನಗುತ್ತಿದ್ದ.

"ಎಂತ ಮಾರಾಯ್ತಿ, ಸ್ಟ್ಯಾಚು ಆದೆಯಾ?"

ಆ ನಗು!! ದೋಹಾದಿಂದ ಬಂದರೂ ಪಕ್ಕದಲ್ಲೇ ಕೂತ ಹಾಗೆ. ಮದುವೆಯಾಗಿ ಮೂವತ್ತು ದಿನ. ಅವನು ವಾಪಸ್ ಹೋಗಿ ಮೂರು. ಅತ್ತಿದ್ದು ಒಂದೇ ದಿನ — ಯಾಕೆಂದರೆ ಗೇಮ್ ಇದೆಯಲ್ಲ. ಆಲಂಕಾರಿನ ಈ ಮನೆಯಲ್ಲಿ ಊಟವಾದ ಮೇಲೆ ಎಲ್ಲರೂ ಮಲಗುತ್ತಾರೆ. ಅವನ ಡ್ಯೂಟಿ ಶುರುವಾಗುವ ಮುಂಚಿನ ಆ ಒಂದು ಗಂಟೆ ನಮ್ಮದು. ಗೇಮ್‌ನೊಳಗೆ ಮನೆ ಕಟ್ಟುತ್ತಿದ್ದೇವೆ. ಕೆಂಪು ಹೆಂಚಿನ ಮಾಡು, ನೀರಿನ ಕಡೆ ಕಿಟಕಿ, ಮೇಲೊಂದು ರೂಮು, ಎರಡು ಹಾಸಿಗೆ. ಎಲ್ಲರ ಎದುರು ಅವನು ನನಗೆ ‘ನೀವು’. ಅಲ್ಲಿ ‘ನೀನು’.

ಆದರೆ ಮನೆ ದೊಡ್ಡದಾದಷ್ಟೂ ಪಿಸಿ ನರಳುತ್ತದೆ. ಪಾಪ, ಎಂಟು ವರ್ಷದ ಪಿಸಿ. 8 ಜಿಬಿ ರ‍್ಯಾಮ್. ತವರು ಆಲೆಟ್ಟಿಯಿಂದ ಅಲ್ಮೇರಾ, ಮಂಚದ ಜೊತೆ ಪಿಕಪ್‌ನಲ್ಲಿ ಬಂತು. ಮಾಮಿ, ಅಂದರೆ ನನ್ನ ಅತ್ತೆ, ಕೇಳಿದ್ದರು, "ಮೋಳೇ, ಇದು ಟಿವಿಯಾ?"

ಜನವರಿ 31, ಶನಿವಾರ

ಪುತ್ತೂರಿಗೆ ಹೋಗಿದ್ದೆ. ಕಂಪ್ಯೂಟರ್ ಅಂಗಡಿಯ ರಿತೇಶ್ ನನ್ನ ಮದರ್‌ಬೋರ್ಡಿನ ಫೋಟೋ ನೋಡಿ ನಿಟ್ಟುಸಿರು ಬಿಟ್ಟ.

"ಮೇಡಂ, ಒಂದು ಸ್ಲಾಟ್ ಖಾಲಿ ಉಂಟು, ಹಾಕ್ಬಹುದು. ಆದ್ರೆ ಈಗ ರ‍್ಯಾಮಿನ ರೇಟ್ ಕೇಳಿದ್ರೆ ನೀವು ಬಂಗಾರದ ಅಂಗಡಿಗೆ ಹೋಗ್ತೀರಿ. ಹಳೇ ಪಿಸಿಗೆ ಎಂತಕ್ಕೆ ಮಾರಾಯ್ರೆ?"

"ಗೇಮ್‌ಗೆ."

"ತಮ್ಮನಿಗಾ?"

"ನನಗೆ!"

ಹೇಳಿ ಎಷ್ಟು ಖುಷಿಯಾಯಿತು!

ಸಂಜೆ ಅಫ್ರೀದ್‌ಗೆ ಫೋನ್. ಬೇಡವೇ ಬೇಡ ಎಂದ. ಅಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತದಂತೆ. ಅಲ್ಲೇ ಇರುವ ಇಚಿಲಂಪಾಡಿಯ ಸಫೀರ್ ರಂಜಾನಿಗೆ ಮುಂಚೆ ಊರಿಗೆ ಬರುತ್ತಾನೆ, ಅವನ ಕೈಯಲ್ಲಿ ಪೆಟ್ಟಿಗೆ ಕಳಿಸುತ್ತಾನಂತೆ. "ನಿನಗೆ ನನ್ನ ಫಸ್ಟ್ ಗಿಫ್ಟ್." ಅಯ್ಯೋ! ಯಾರಿಗಾದರೂ ಗಂಡ ರ‍್ಯಾಮ್ ಗಿಫ್ಟ್ ಕೊಟ್ಟದ್ದು ಉಂಟಾ? ಬೆಸ್ಟ್ ಹಸ್ಬೆಂಡ್. ಬೆಸ್ಟ್.

ಫೆಬ್ರವರಿ 12, ಗುರುವಾರ. ಸಂಜೆ

ಪೆಟ್ಟಿಗೆ ಬಂತು.

ಬರೆಯಬೇಕಾ ಬೇಡವಾ...

ಗಲ್ಫಿನ ಪೆಟ್ಟಿಗೆ ಬಂದರೆ ಇಲ್ಲಿ ಹಾಲ್‌ನಲ್ಲಿ ಎಲ್ಲರ ಎದುರೇ ಬಿಚ್ಚುವುದು. ಅಕ್ಕಪಕ್ಕದ ಮನೆಯವರೂ ಸೇರಿ ಹದಿನೈದು ಜನ. ಒಂದೊಂದು ಪೊಟ್ಟಣದ ಮೇಲೂ ಮಾರ್ಕರ್‌ನಲ್ಲಿ ಹೆಸರು, ಅಫ್ರೀದ್‌ನ ಅಕ್ಷರ. ಉಮ್ಮನಿಗೆ, ಅಂದರೆ ಮಾಮಿಗೆ, ಬೆಡ್‌ಶೀಟ್. ಉಪ್ಪನಿಗೆ, ಅಂದರೆ ಮಾವನಿಗೆ, ನೋವಿನ ಎಣ್ಣೆ. ಅವನ ಅಕ್ಕ ಅಮೀರಾಗೆ ಸೆಂಟು. ತಮ್ಮ ಸುಹೈಬ್‌ಗೆ ಶೂ. ನಾನು ಜ್ಯೂಸಿನ ಟ್ರೇ ಹಿಡಿದು ನನ್ನ ಹೆಸರಿಗೆ ಕಾಯುತ್ತಿದ್ದೆ. ಕೊನೆಗೆ ಉಳಿದದ್ದು ಒಂದು ಚಪ್ಪಟೆ ಪೊಟ್ಟಣ. ಹೆಸರಿಲ್ಲ.

"ಇದೆಂತ? ಸ್ಕೇಲಿನ ಹಾಗೆ ಉಂಟು," ಎಂದರು ಮಾಮಿ.

"ಉಮ್ಮ, ರ‍್ಯಾಮ್! ನನಗೇ ಇರ್ಬೇಕು!" ಸುಹೈಬ್ ಕುಣಿದ. ಅವನ ರೂಮಿನಲ್ಲೂ ಒಂದು ಪಿಸಿ ಇದೆ.

ಮಾಮಿ ವಿಡಿಯೋ ಕಾಲ್ ಮಾಡಿದರು. "ಮೋನೇ, ಈ ಕಂಪ್ಯೂಟರಿನದ್ದು ಯಾರಿಗೆ?"

ಅಫ್ರೀದ್ ನನ್ನನ್ನು ನೋಡಿದ. ಖಂಡಿತ ನೋಡಿದ. ಒಂದು ಕ್ಷಣ.

"ಅದು... ಸುಹೈಬ್‌ಗೇ ಇರ್ಲಿ ಉಮ್ಮ."

"ಮದುಮಗಳಿಗೆ ಎಂತದೂ ಇಲ್ವಾ? ಪಾಪ!" ಅಮೀರಾ ಛೇಡಿಸಿದಳು.

"ಅವಳಿಗೆ ಎಂತಕ್ಕೆ? ಅವಳಿಗೆ ನಾನೇ ಇಲ್ವಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಟ್ರೇ ಹಿಡಿದುಕೊಂಡೇ.

ಫೆಬ್ರವರಿ 13

ಬೆಳಿಗ್ಗೆ ಸುಹೈಬ್ ಬಾಗಿಲಲ್ಲಿ ನಿಂತು ಕೇಳಿದ, "ಭಾಭಿ, ಅದು ನಿಮಗೆ ಕಳ್ಸಿದ್ದಲ್ಲ ಅಲ್ವಾ?" "ಇಲ್ಲಪ್ಪ, ನಿನಗೇ," ಎಂದೆ. ಹಲ್ಲು ಬಿಟ್ಟುಕೊಂಡು! ಹೌದು ಎನ್ನಬಹುದಿತ್ತು. ಗಂಡನ ಮಾತು ಸುಳ್ಳು ಮಾಡಬಾರದೆಂದು... ಮಂಗ ನಾನು.

ಮಧ್ಯಾಹ್ನ ಅಫ್ರೀದ್.

"ನಿನ್ನ ಹೆಸರು ಬರೆದ್ರೆ ಸಫೀರ್ ನೋಡ್ತಾನೆ, ಉಮ್ಮ ನೋಡ್ತಾರೆ. ಮೊದಲ ಪೆಟ್ಟಿಗೆಯಲ್ಲೇ ಹೆಂಡತಿಗೆ ಸ್ಪೆಷಲ್ ಅಂತ ಆಗುದಿಲ್ವಾ? ನೀನೇ ಮೆಲ್ಲಗೆ ತೆಗೊಳ್ತಿ ಅಂದ್ಕೊಂಡೆ."

"‘ಜುಮಾನಾಗೆ’ ಅಂತ ಹೇಳ್ಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?"

"ಹದಿನೈದು ಜನ ಇದ್ರು."

"ಮದುವೆಗೆ ಸಾವಿರ ಜನ ಇದ್ರು. ಆಗ ನಾಚಿಕೆ ಆಗ್ಲಿಲ್ಲ ನಿನಗೆ."

ಮಾತು ತಿರುಗಿಸಿದ. ಪುತ್ತೂರಿನಲ್ಲಿ ಈಗ ತೆಗೊಳ್ಳಬೇಡ ಎಂದ. ತಮ್ಮನಿಗೆ ಬಂದ ಮೇಲೆ ನಾನೂ ತಂದರೆ ಅದು ನನ್ನದಾಗಿತ್ತೆಂದು ಉಮ್ಮನಿಗೆ ಗೊತ್ತಾಗುತ್ತದಂತೆ, ಬೇಜಾರಾಗುತ್ತದಂತೆ. ಮುಂದಿನ ಪೆಟ್ಟಿಗೆಯಲ್ಲಿ ನೋಡುವ ಎಂದ.

ಆಯಿತು ಎಂದೆ.

ಮಾರ್ಚ್ 3, ಮಂಗಳವಾರ. 3.00

ಗೋಡೆಯಾಚೆ ಸುಹೈಬ್‌ನ ರೂಮು. ಅವನು ಸ್ಪೀಕರ್ ಹಾಕಿಕೊಳ್ಳುತ್ತಾನೆ. ಆದ್ದರಿಂದ ನನ್ನ ಗಂಡನ ನಗು ನನಗೆ ದಿನಾ ಕೇಳಿಸುತ್ತದೆ.

"ಕಾಕಾ, ಮೇಲಿನ ರೂಮಿನ ಗೋಡೆ ಒಡೆಯುವ. ಅಲ್ಲಿ ಸ್ಟೋರ್ ಮಾಡುವ."

"ಮಾಡು ಮಾಡು," ಅಂತ ಅವನ ಕಾಕಾ, ಅಂದರೆ ಅಣ್ಣ, ನನ್ನ ಗಂಡ.

ನಮ್ಮ ಗಂಟೆ. ನಮ್ಮ ಮನೆ. ಅಫ್ರೀದ್ ಹೇಳುವುದು, "ನಿನ್ನ ಪಿಸಿ ಹ್ಯಾಂಗ್ ಆಗ್ತದಲ್ಲ, ಅಷ್ಟರವರೆಗೆ ಇವನ ಜೊತೆ ಟೈಮ್‌ಪಾಸ್." ನಾನೂ ಲಾಗಿನ್ ಆಗಿ ನೋಡಿದೆ. ಹ್ಯಾಂಗ್ ಆಗುವ ಮುಂಚೆ ಮೆಟ್ಟಿಲು ಹತ್ತಿ ಮುಟ್ಟಿದೆ. ರೂಮಿನ ತುಂಬ ಮರದ ಪೆಟ್ಟಿಗೆಗಳು. ಒಂದೇ ಹಾಸಿಗೆ ಉಳಿದಿದೆ.

ಸ್ಕ್ರೀನ್ ಅಲ್ಲೇ ನಿಂತಿತು. ಇಪ್ಪತ್ತು ನಿಮಿಷ ನೋಡುತ್ತ ಕೂತೆ.

ಮಾರ್ಚ್ 26, ಗುರುವಾರ

ಪೆರ್ನಾಲ್ ಹಬ್ಬಕ್ಕೆ ಆಲೆಟ್ಟಿಗೆ ಹೋಗಿದ್ದೆ. ನನ್ನ ಉಪ್ಪ ಕೈಗೆ ಹಬ್ಬದ ದುಡ್ಡು ತುರುಕಿದರು. ಇವತ್ತು ಸುಳ್ಯದಿಂದ ಬರುವಾಗ ಪುತ್ತೂರಿನಲ್ಲಿ ಇಳಿದೆ. ರಿತೇಶ್‌ನ ಅಂಗಡಿಯ ಎದುರು ಐದು ನಿಮಿಷ ನಿಂತೆ. ಆಯಿತು ಎಂದು ಮಾತು ಕೊಟ್ಟಿದ್ದೇನೆ... ಒಂದು ಬಸ್ ಬಿಟ್ಟೆ. ಇನ್ನೊಂದೂ ಹೋಯಿತು.

ಒಳಗೆ ಹೋದೆ. ಸೆಕೆಂಡ್ ಹ್ಯಾಂಡ್ 8 ಜಿಬಿ ಇತ್ತು.

"ಅವತ್ತು ಫೋನ್ ಮಾಡಿ ಬೇಡ ಹೇಳಿದ್ರಲ್ಲ ಮೇಡಂ?"

"ಬೇಡ ಹೇಳಿದ್ದು ನಾನಲ್ಲ."

ಅದೇ ದಿನ. ಮಧ್ಯಾಹ್ನ 2.30

ಹೊಲಿಗೆ ಮೆಷಿನ್ನಿನ ಡ್ರಾವರ್‌ನಿಂದ ಸ್ಕ್ರೂಡ್ರೈವರ್ ತಂದು ಬಿಚ್ಚಿದೆ. ಖಾಲಿ ಸ್ಲಾಟ್‌ಗೆ ಇಟ್ಟು ಒತ್ತಿದೆ. ಟಕ್! ಆಗಲೇ ಮಾಮಿ ಬಂದರು.

"ಮೋಳೇ, ಕರೆಂಟ್ ಹೊಡೀತದೆ! ... ಇದು ಸುಹೈಬ್‌ಗೆ ಬಂದದ್ದರ ಹಾಗೇ ಉಂಟಲ್ಲ?"

ಎಷ್ಟು ಸುಳ್ಳು ಹೇಳುವುದು? ಎಲ್ಲ ಹೇಳಿಬಿಟ್ಟೆ. ಮಾಮಿ ಮಂಚದ ಮೇಲೆ ಕೂತರು.

"ಅವನಿಗೆ ಬಾಯಿ ಇರ್ಲಿಲ್ವಾ? ಹೇಳಿದ್ರೆ ನಿನ್ನ ಕೈಗೇ ಕೊಡ್ತಿದ್ದೆ. ನನಗೆ ಅದೆಂತ ತಿನ್ಲಿಕ್ಕಾ?"

ಅಷ್ಟೇ. ಎದ್ದು ಮಲಗಲು ಹೋದರು. ಇಷ್ಟು ದಿನ ಅವರ ಬೇಜಾರಿಗೆ ಹೆದರಿದ್ದೆವು. ಇಲ್ಲದ ಬೇಜಾರಿಗೆ. ಮಾಮಿಯ ಮೇಲೆ ಸಿಟ್ಟು ಮಾಡಿಕೊಂಡಾದರೂ ಇರಬಹುದಿತ್ತು. ಈಗ ಅದೂ ಇಲ್ಲ. ಉಳಿದದ್ದು ಅವನೊಬ್ಬನೇ.

2.55

16 ಜಿಬಿ ತೋರಿಸುತ್ತಿದೆ. ಗೇಮ್ ಬೆಣ್ಣೆಯ ಹಾಗೆ ಓಡುತ್ತಿದೆ. ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಎಲ್ಲೂ ನಿಲ್ಲಲಿಲ್ಲ. ರೂಮಿನ ತುಂಬ ಅದೇ ಪೆಟ್ಟಿಗೆಗಳು. ಹೊರಗೆ ಬಂದು ಬಾಗಿಲು ಹಾಕಿದೆ.

ಫೋನ್ ರಿಂಗ್ ಆಗುತ್ತಿದೆ. ಅಫ್ರೀದ್. ಮಲಗುವ ಮುಂಚೆಯೇ ಮಾಮಿ ಹೇಳಿರಬೇಕು. ಆಗಲಿ, ರಿಂಗ್ ಆಗಲಿ.

ಗೇಮ್‌ನಲ್ಲಿ ‘ಹೊಸ ವರ್ಲ್ಡ್’ ಒತ್ತಿದ್ದೇನೆ. ಯಾರ ಹೆಸರಿನಲ್ಲಿ ಎಂದು ಕೇಳುತ್ತಿದೆ. ಮೊದಲು ಅಲ್ಲಿ ‘ಜುಮಾನಾ’ ಎಂದು ಬರೆದು, ಆಮೇಲೆ ಫೋನ್ ಎತ್ತುತ್ತೇನೆ.