ಚಪ್ಪಾಳೆಯ ಕೆಳಗಿನ ಮಾತು

ಗುಂಡ್ಲುಪೇಟೆ, ಹೂದಿಣ್ಣೆ
ನವೆಂಬರ್ ಎರಡು, 2391
ಅದೇ ದಿನದ ನಲವತ್ತೇಳನೆಯ ಬೆಳಗು

ಎಲೋದಿಯಮ್ಮನವರಿಗೆ ದನಿಕಾವಲಿನ ನಿಂಗಾಜಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಮುದುಕಿಗೆ ಅರಳುಮರುಳು ಎಂದುಕೊಳ್ಳಬೇಡಿ. ನಮ್ಮಲ್ಲಿ ಹಿರಿಯರ ಹಬ್ಬಕ್ಕೆ ಬಂದ ಸತ್ತವರನ್ನು ಊರಾಚೆಗೆ ಕಳಿಸಿಕೊಡುವವರೆಗೆ ತಾರೀಖು ಮುಂದೆ ಹೋಗುವುದಿಲ್ಲ. ಪ್ರತಿ ವರ್ಷ ಅದು ಒಂದು ದಿನದ ಕೆಲಸ. ಈ ವರ್ಷ ಅವರು ಹೋಗಿಲ್ಲ. ಸೂರ್ಯ ನಲವತ್ತಾರು ಸಲ ಮುಳುಗಿ ಎದ್ದಿದ್ದಾನೆ, ನಮಗೆ ಮಾತ್ರ ಇನ್ನೂ ನವೆಂಬರ್ ಎರಡು. ನನ್ನ ಮಾತಿನ ಧಾಟಿ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮಗೆ ಕನ್ನಡ ಬಾರದು, ನನಗೆ ಬೇರೆ ಯಾವುದೂ ಬಾರದು. ಮೈಸೂರಿನ ಹಾಡಿನ ಕಚೇರಿಯಲ್ಲಿ ನಿಮ್ಮ ಪಕ್ಕ ತಂಬೂರಿ ಹಿಡಿದು ಕೂರುವ ಮಂಟಯ್ಯನವರ ಕೈಲಿ ಇದನ್ನು ಓದಿಸಿಕೊಳ್ಳಿ. ಅವರು ನಮ್ಮ ಸೀಮೆಯವರು, ಸುಳ್ಳು ಓದುವುದಿಲ್ಲ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಹಿಂದೆ ಬದುಕಿದ್ದವರಿಗೆ ಕಾಗದ ಹಾಕುವ ಅಂಚೆ. ಯಾರ ದನಿ ನಮ್ಮ ಕಲ್ಲುಪೆಟ್ಟಿಗೆಯಲ್ಲಿ ಉಳಿದಿದೆಯೋ ಅವರಿಗೆ ಮಾತ್ರ, ಅದೂ ಒಬ್ಬರಿಗೆ ಒಂದೇ ಸಲ. ಹಾಡು ಹಿಡಿದುಕೊಂಡು ಹಿಂದಕ್ಕೆ ಹೋಗಿ, ಹಾಡಿದವರ ಕಣ್ಣಿಗೆ ಬೀಳುವಲ್ಲಿ ಕಾಗದ ಸಿಗುತ್ತದಂತೆ. ನಿಮ್ಮ ತಾಳದ ಆಮೆಚಿಪ್ಪಿನೊಳಗೆ ಸಿಕ್ಕಿರಬೇಕು ಎಂದು ನನ್ನ ಊಹೆ. ಕಲ್ಲುಪೆಟ್ಟಿಗೆ ಎಂದರೆ ಮಹಾಮೌನದ ವರ್ಷದಲ್ಲಿ ಲೋಕದ ದನಿಮುದ್ರಣಗಳೆಲ್ಲ ಅಳಿಸಿಹೋದಾಗ ನಮ್ಮೂರಿನ ನೆಲಮಾಳಿಗೆಯಲ್ಲಿ ಉಳಿದುಕೊಂಡ ನಲವತ್ತೊಂದು ದನಿಗಳು. ಆರಿಸಿ ಉಳಿಸಿದ್ದಲ್ಲ, ಉಳಿದದ್ದು ಉಳಿಯಿತು. ಅವನ್ನು ಕಾಯುವುದೇ ನನ್ನ ದನಿಕಾವಲು. ಅವುಗಳಿಂದಲೇ ನಮ್ಮ ಶಾಸ್ತ್ರ ಸಂಪ್ರದಾಯಗಳೆಲ್ಲ ಹುಟ್ಟಿವೆ. ಯಾವುದೋ ಬಸ್ ನಿಲ್ದಾಣದಲ್ಲಿ ಕೂಗಿದ ಊರುಗಳ ಹೆಸರನ್ನು ನಾವು ಮದುವೆಯಲ್ಲಿ ಧಾರೆಯ ಹೊತ್ತಿಗೆ ಭಕ್ತಿಯಿಂದ ಹಾಡುತ್ತೇವೆ. ನಿಮಗೆ ನಗು ಬರಬಹುದು. ನಂಜನಗೂಡು ಎಂಬ ಮಾತು ಬಂದಾಗ ನಮ್ಮ ಹೆಣ್ಣುಮಕ್ಕಳಿಗೆ ಕಣ್ಣೀರು ಬರುತ್ತದೆ.

ನಿಮ್ಮ ಕಚೇರಿ ಹದಿನೇಳನೆಯ ದನಿ. ನಿಮ್ಮ ಮುಖ ಹೇಗಿತ್ತೋ ನಾವು ಕಾಣೆವು, ಆದರೆ ನಡುವೆ ನೀವು ಆಡಿದ ಮಾತು, ಅದನ್ನು ಮಂಟಯ್ಯನವರು ಕನ್ನಡದಲ್ಲಿ ಹೇಳಿದ್ದು, ಎಲ್ಲ ಬಾಯಿಪಾಠವಾಗಿದೆ. ಮೆಕ್ಸಿಕೋ ದೇಶದ ಬೆಟ್ಟದೂರಿನಲ್ಲಿ ಒಣಮೆಣಸಿನಕಾಯಿ ಮಾರುವ ತಾಯಿಗೆ ಹುಟ್ಟಿದಿರಿ. ಶಾಲೆಯಲ್ಲಿ ತಾಯಿಯ ಭಾಷೆ ಆಡಿದ್ದಕ್ಕೆ ಮೇಷ್ಟ್ರು ಬಾಯಿಗೆ ಸೋಪು ಹಾಕಿದರು. ಅಂದಿನಿಂದ ನಾಚಿಕೆಪಟ್ಟು, ಪಟ್ಟಣ ಸೇರಿ, ಊರೂರಿನ ಹಾಡು ಹಾಡುತ್ತ ಹೆಸರು ಮಾಡಿದಿರಿ. ತಾಯಿ ತೀರಿಕೊಂಡಾಗ ಅವರನ್ನು ಕಳಿಸಿಕೊಡಲು ನಿಮ್ಮ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಮತ್ತೆ ಹಳ್ಳಿಗೆ ಹೋಗಿ ಮುದುಕಿಯರ ಮುಂದೆ ಕೂತು ಅಆಇಈಯಿಂದ ಕಲಿತಿರಿ. ಆಮೇಲೆ ಶಂಖ, ಆಮೆಚಿಪ್ಪು, ಕರೆಂಟು ಗಿಟಾರು, ನಮ್ಮ ತಂಬೂರಿ ಎಲ್ಲವನ್ನೂ ಒಂದೇ ಒಲೆಯ ಮೇಲಿಟ್ಟಿರಿ. ಆ ಹಾಡು ಕೇಳಿದಾಗ ನನಗೆ ನೀವು ಬೇರೆಯವರು ಅನ್ನಿಸುವುದೇ ಇಲ್ಲ. ನಿಮ್ಮ ಚೆಂಡುಹೂವು ನಮ್ಮ ಹೊಲಕ್ಕೆ ಬಂದು ನಮ್ಮದಾದ ಹಾಗೆ ನೀವೂ ಎಲೋದಿಯಾ ಹೋಗಿ ಎಲೋದಿಯಮ್ಮ ಆಗಿಬಿಟ್ಟಿರಿ.

ಆ ಕಚೇರಿಯ ಕೊನೆಯ ಹಾಡಿನಿಂದಲೇ ನಮ್ಮ ಹಿರಿಯರ ಹಬ್ಬ ನಡೆಯುವುದು. ಅದಕ್ಕೆ ಮುಂಚೆ ಮಂಟಯ್ಯನವರು ಹೇಳುತ್ತಾರೆ: "ಈ ಅವ್ವ ಏಳ್ತಾವ್ಳೆ, ಇವ್ರೂರಲ್ಲಿ ಸತ್ತೋರು ವರ್ಸಕ್ಕೊಂದ್ಸಲ ಮನೆಗ್ ಬತ್ತರಂತೆ. ಉಣ್ಣಿಸಿ, ಊರಾಚೆಗಂಟ ಕಳಿಸ್ಕೊಡ್ಬೇಕಂತೆ. ಕೊನೇ ಮಾತು ಮಾತ್ರ ದನಿ ತಪ್ಪಬಾರ್ದಂತೆ. ತಪ್ಪುದ್ರೆ ಅರ್ತನೇ ಬ್ಯಾರೆ." ನಿಮ್ಮ ಭಾಷೆಗೆ ಮಳೆಯ ಮಾತು ಎಂದು ಹೆಸರು, ಅದರಲ್ಲಿ ಒಂದೇ ಪದ ದನಿ ಏರಿದರೆ ಒಂದು, ಇಳಿದರೆ ಇನ್ನೊಂದು. ಆ ಕೊನೆಯ ಮಾತು 'ಕೋಓ'. ಅದರ ಮೊದಲರ್ಧ ಮಾತ್ರ ನಮಗೆ ಕೇಳುತ್ತದೆ. ಬಾಲ ಏರುತ್ತದೋ ಇಳಿಯುತ್ತದೋ ಯಾರೂ ಕಾಣರು, ಏಕೆಂದರೆ ಅಷ್ಟರಲ್ಲಿ ಸಭೆಯವರು ಚಪ್ಪಾಳೆ ತಟ್ಟಿಬಿಟ್ಟಿದ್ದಾರೆ. ನಿಮ್ಮ ಕಾಲದ ಜನಕ್ಕೆ ಅದೆಂಥ ಆತುರವೋ! ಹಾಡು ಮುಗಿಯುವುದಕ್ಕೆ ಅರ್ಧ ಉಸಿರು ಕಾಯಲಾರದೆ ಹೋದರು.

ನನಗಿಂತ ಮೊದಲಿನ ದನಿಕಾವಲಿನವರು ಬುದ್ಧಿವಂತರು. ಗೊತ್ತಿಲ್ಲದ್ದನ್ನು ಬಾಯಿಗೆ ತರಲಿಲ್ಲ. ಆ ಮಾತಿನ ಜಾಗ ಬಂದಾಗ ಊರೆಲ್ಲ ಬಾಯಿ ಮುಚ್ಚಿ ಚಪ್ಪಾಳೆ ತಟ್ಟುವುದು ಪದ್ಧತಿ. ಅದಕ್ಕೇ ಸತ್ತವರು ಎದ್ದು ಹೋಗುತ್ತಿದ್ದರು. ಹಬ್ಬದ ಬೆಳಿಗ್ಗೆ ಬೀದಿಯ ಚೆಂಡುಹೂವಿನ ಎಸಳ ಮೇಲೆ ಒಳಗೆ ಬಂದ ಹೆಜ್ಜೆ, ಮಧ್ಯಾಹ್ನ ಹೊರಗೆ ಹೋದ ಹೆಜ್ಜೆ. ಅವರನ್ನು ಕಂಡವರಿಲ್ಲ, ಎಡೆಯ ಅನ್ನದಿಂದ ಉಪ್ಪಿನ ರುಚಿ ಹೋಗಿರುತ್ತಿತ್ತು, ಅಷ್ಟೆ.

ಈ ಸಲ ನಾನು ಕೆಡಿಸಿದೆ. ನನ್ನ ಮಗಳು ಚಿನ್ನಾಜಿ ಹೋದ ಬೇಸಿಗೆಯಲ್ಲಿ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡಳು. ಹತ್ತೊಂಬತ್ತು ವರ್ಷ. ಈ ಹಬ್ಬ ಅವಳ ಮೊದಲ ಎಡೆ. ಅವಳನ್ನು ಬರೀ ಚಪ್ಪಾಳೆಯಿಂದ ಕಳಿಸಲು ನನಗೆ ಮನಸ್ಸು ಬರಲಿಲ್ಲ, ಮಾತು ಹಾಡಿಯೇ ಕಳಿಸುತ್ತೇನೆ ಎಂದು ಹಟ ಹಿಡಿದೆ. ಇಲ್ಲಿ ಒಂದು ವಿಷಯ ನಿಮಗೆ ತಿಳಿದಿರಲಿ. ನಮ್ಮ ಜನ ಬಾಗಿಲಲ್ಲಿ ನಿಂತವರಿಗೆ 'ಹೋಗು' ಎನ್ನುವುದಿಲ್ಲ. ಹೊರಟವರು 'ಬರ್ತೀನಿ' ಅನ್ನಬೇಕು, ಕಳಿಸುವವರು 'ಹೋಗಿ ಬಾ' ಅನ್ನಬೇಕು. ಬರೀ 'ಹೋಗು' ಎಂದರೆ ಬೈದ ಹಾಗೆ, ಅಪಶಕುನ. ಅದು ಮುನ್ನೂರು ವರ್ಷ ಕಳೆದರೂ ನಮ್ಮ ನಾಲಿಗೆಯಿಂದ ಹೋಗಿಲ್ಲ. ಹಾಗಾಗಿ 'ಕೋಓ' ಎಂಬುದು ಹೋಗುವ ಮಾತಾದರೆ ಅದರ ಬಾಲದಲ್ಲಿ 'ಬಾ' ಇರಲೇಬೇಕು ಎಂದು ನನ್ನ ಬಾಯಿ ತಾನೇ ತೀರ್ಮಾನ ಮಾಡಿಬಿಟ್ಟಿತು. ಮರ್ಯಾದೆಗಾಗಿ ದನಿಯನ್ನು ಕೊನೆಯಲ್ಲಿ ಮೇಲಕ್ಕೆತ್ತಿದೆ. ಬಹಳ ಚೆನ್ನಾಗಿ ಬಂತು ಎಂದು ಎಲ್ಲರೂ ಹೊಗಳಿದರು.

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಒಳಗೆ ಬಂದ ಹೆಜ್ಜೆ ಮಾತ್ರ ಇದ್ದವು.

ಕೂಡಲೇ ನಿಮ್ಮ ಕಚೇರಿಯನ್ನು ಮೊದಲಿನಿಂದ ಕೇಳಿದೆ. ನಡುವಿನ ಜೋಗುಳದಲ್ಲಿ ಅದೇ ಪದ, ಬಾಲ ಏರಿಸಿ ಹಾಡುತ್ತೀರಿ. ಮಂಟಯ್ಯನವರು ವಿವರಿಸುತ್ತಾರೆ: "ಇಂಗಂದ್ರೆ, ಇರು, ಇಲ್ಲೇ ಕೂತ್ಕೊ ಅಂತ." ಎಷ್ಟು ಸಲ ಕೇಳಿದ ಜೋಗುಳ! ಕಿವಿ ಇದ್ದೂ ಕೇಳಿಸಿಕೊಂಡಿರಲಿಲ್ಲ. ನಾನು ಊರಿನ ಸತ್ತವರಿಗೆಲ್ಲ ಇರು ಎಂದುಬಿಟ್ಟಿದ್ದೆ.

ಅವರಿದ್ದಾರೆ. ಮೊದಲು ಗಾಳಿ ತಣ್ಣಗಾದ ಹಾಗೆ, ಆಮೇಲೆ ಚಾಪೆಯ ಮೇಲೆ ತಗ್ಗು, ಈಗ ಹಗಲಲ್ಲೇ ಕಣ್ಣಿಗೆ ಕಾಣುತ್ತಾರೆ. ಯಾರಿಗೂ ಕೇಡು ಮಾಡುವುದಿಲ್ಲ. ತಮ್ಮ ತಮ್ಮ ಮನೆಯಲ್ಲಿ ಮೊದಲು ಕೂರುತ್ತಿದ್ದ ಜಾಗದಲ್ಲೇ ಕೂರುತ್ತಾರೆ, ಆ ಜಾಗದಲ್ಲಿ ಈಗ ಬೇರೆಯವರು ಕೂತಿದ್ದರೂ ಸರಿಯೇ. ಊರಿನ ಯಾವ ಪಾತ್ರೆಯಲ್ಲೂ ಉಪ್ಪು ಹತ್ತುತ್ತಿಲ್ಲ. ಎಳೆಮಕ್ಕಳು ತಾಯಿಯ ಮುಖ ಬಿಟ್ಟು ಅವಳ ಹೆಗಲಾಚೆ ನೋಡಿ ನಗುತ್ತವೆ, ಹಾಲು ಕುಡಿಯುವುದಿಲ್ಲ. ಅವರು ಗಟ್ಟಿಯಾದಷ್ಟೂ ನಾವು ತೆಳುವಾಗುತ್ತಿದ್ದೇವೆ. ನೆತ್ತಿಯ ಮೇಲೆ ಬಿಸಿಲಿದ್ದರೂ ನನ್ನ ನೆರಳು ತೊಳೆದ ಬಟ್ಟೆಯ ಕಲೆಯ ಹಾಗೆ ಮಾಸಲು. ಪಕ್ಕದ ಮನೆಯ ದೊಡ್ಡತಾಯಿ ಮೊನ್ನೆ ಬಂದು ಕೂತಳು. "ನಿಂಗಾಜಕ್ಕ, ನನ್ ಗಂಡ ನನ್ ತಟ್ಟೇಲೇ ಉಣ್ತಾವ್ನೆ. ಮಗ ಸೊರಗ್ತಾ ಅದೆ. ಓಗು ಅನ್ನಕೆ ಬಾಯೇ ಬತ್ತಿಲ್ಲ ಕನಕ್ಕ," ಎಂದು ಅತ್ತಳು. ಅವಳ ದನಿ ಪಕ್ಕದಲ್ಲೇ ಕೂತಿದ್ದ ನನಗೆ ಗೋಡೆಯಾಚೆಯಿಂದ ಬಂದಂತೆ ಕೇಳಿತು.

ಚಿನ್ನಾಜಿ ಮಾತ್ರ ಕೂತಿಲ್ಲ. ಬಂದ ದಿನದಿಂದ ಹೊಸ್ತಿಲಲ್ಲಿ ನಿಂತೇ ಇದ್ದಾಳೆ. ಬೀದಿಯ ಕಡೆ ಮುಖ ಮಾಡಿಕೊಂಡು, ಒಂದು ಕೈ ಬಾಗಿಲವಾಡದ ಮೇಲೆ. ನಾನು ಅವಳ ತಲೆ ಬಾಚಿದ್ದೇನೆ. ಕೂದಲು ಕೈಗೆ ಸಿಗುತ್ತದೆ, ಎಲೋದಿಯಮ್ಮ, ತಣ್ಣಗೆ. ನನಗಾದ ಸಂತೋಷವನ್ನು ಮುಚ್ಚಿಟ್ಟು ಬರೆದರೆ ಈ ಕಾಗದ ಸುಳ್ಳಾಗುತ್ತದೆ. ಊರೆಲ್ಲ ಸೊರಗುತ್ತಿದ್ದರೂ ಬೆಳಿಗ್ಗೆ ಎದ್ದ ಕೂಡಲೇ ಅವಳ ಬೆನ್ನು ಕಂಡು ನನ್ನ ಜೀವ ತಣ್ಣಗಾಗುತ್ತಿತ್ತು. ಆದರೆ ಅವಳು ದಿನಕ್ಕೊಂದು ಸಲ, ನನ್ನ ಕಡೆ ತಿರುಗದೆ, ಒಂದೇ ಮಾತು ಹೇಳುತ್ತಾಳೆ: "ಅವ್ವ, ಒತ್ತಾಯ್ತು ಕನವ್ವ." ಮೊದಮೊದಲು ಮೆಲ್ಲಗೆ ಹೇಳುತ್ತಿದ್ದಳು. ಈಗ ಬೇಡಿಕೊಳ್ಳುತ್ತಾಳೆ.

ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುವುದು. ನೀವು ಇದನ್ನು ಓದುವಾಗ ಆ ಕಚೇರಿ ಇನ್ನೂ ನಡೆದಿರುವುದಿಲ್ಲ. ಕೊನೆಯ ಹಾಡಿಗೆ ಮುಂಚೆ ಚಪ್ಪಾಳೆ ತಟ್ಟಬೇಡಿ ಎಂದು ಸಭೆಗೆ ಹೇಳಿಸಿ. ಆ ಮಾತನ್ನು ಪೂರ್ತಿ, ಬಾಲದ ಸಮೇತ, ಬಿಡಿಸಿ ಹಾಡಿ. ಅರ್ಥ ಏನೆಂದು ಮಂಟಯ್ಯನವರ ಬಾಯಲ್ಲಿ ಹೇಳಿಸಿ. ದಯವಿಟ್ಟು ಕಾಗದದಲ್ಲಿ ಬರೆದಿಡಬೇಡಿ, ನಮ್ಮ ಅಕ್ಷರಕ್ಕೆ ದನಿಯ ಏರಿಳಿತ ಹಿಡಿಯುವ ಶಕ್ತಿಯಿಲ್ಲ.

ಇಷ್ಟನ್ನು ಬರೆದು ಒಂಬತ್ತು ದಿನವಾಯಿತು. ಅಂಚೆಗೆ ಹಾಕಿಲ್ಲ. ಕಾಗದವನ್ನು ಅಕ್ಕಿ ಡಬ್ಬದೊಳಗೆ ಇಟ್ಟು, ಅದರ ಮುಂದೆಯೇ ಓಡಾಡಿಕೊಂಡಿದ್ದೆ. ಹಾಕಿದರೆ ಮಾತು ಸಿಗುತ್ತದೆ, ಸಿಕ್ಕರೆ ಹಾಡಬೇಕು. ಇನ್ನೊಂದು ದಿನ, ಇನ್ನೊಂದೇ ದಿನ ಎಂದು ತಳ್ಳುತ್ತ ಬಂದೆ. ದೊಡ್ಡತಾಯಿಯ ಮಗುವಿನ ಮುಖ ನೋಡಲು ನಾಚಿಕೆಯಾಗಿ ಬೀದಿಗೆ ಇಳಿಯುವುದನ್ನೇ ಬಿಟ್ಟೆ.

ಇವತ್ತು ಬೆಳಿಗ್ಗೆ ಎಂದಿನಂತೆ ನಿಮ್ಮ ಹಾಡು ಹಾಕಿದೆ. ಕೊನೆ ಬಂತು. ಚಪ್ಪಾಳೆ ಬರಲಿಲ್ಲ.

ಮುನ್ನೂರು ವರ್ಷದಿಂದ ನಾವೆಲ್ಲ ಕೇಳಿಕೊಂಡು ಬಂದ ಚಪ್ಪಾಳೆ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಸಭೆಯ ಮೌನ, ಯಾರೋ ಒಬ್ಬರು ಕೆಮ್ಮಿದ್ದು, ನಿಮ್ಮ 'ಕೋಓ', ಮೆಟ್ಟಿಲಿಳಿದ ಹಾಗೆ ಕೆಳಕ್ಕಿಳಿದ ಅದರ ಬಾಲ. ಆಮೇಲೆ ಮಂಟಯ್ಯನವರು: "ತಟ್ಬೇಡಿ, ಒಂದ್ಗಳ್ಗೆ ತಡೀರಿ. ದೂರ್ದಲ್ಲಿ ಒಬ್ಬವ್ವ ಕೇಳಿಸ್ಕತಾವ್ಳೆ. ಅವ್ವ, ಇದು ಓಗು ಅಂತಲ್ಲ ಕನವ್ವ. ನಡಿ, ಇಬ್ರೂ ಓಗಾಣ ಅಂತ."

ಕಾಗದ ಇನ್ನೂ ಅಕ್ಕಿ ಡಬ್ಬದಲ್ಲೇ ಇತ್ತು. ನಾನು ಹಾಕದ ಕಾಗದವನ್ನು ನೀವು ಓದಿಬಿಟ್ಟಿದ್ದೀರಿ, ಅಂದರೆ ನಾನು ಇದನ್ನು ಹಾಕಿಯೇ ಹಾಕುತ್ತೇನೆ. ಹರಿದುಹಾಕಿದರೆ ನಾಳೆ ಚಪ್ಪಾಳೆ ತಿರುಗಿ ಬರುತ್ತದೆ, ಮಗಳು ಉಳಿಯುತ್ತಾಳೆ. ಅದನ್ನೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆಗ ಹೊಸ್ತಿಲಿಂದ ಅವಳು ಮೊದಲ ಸಲ ತಿರುಗಿ ನನ್ನ ಮುಖ ನೋಡಿದಳು. ನಾನು ಡಬ್ಬದಿಂದ ಕಾಗದ ಹೊರತೆಗೆದೆ.

ಬೀದಿಗೆಲ್ಲ ಹೊಸ ಎಸಳು ಚೆಲ್ಲಿಸಿದ್ದೇನೆ. ಊರವರು ಬಾಗಿಲುಗಳಲ್ಲಿ ನಿಂತಿದ್ದಾರೆ. ಮಾತನ್ನು ಹಾಡುವವರು ಜೊತೆಯಲ್ಲಿ ನಡೆಯಬೇಕಲ್ಲ, ನಾನೇ ನಡೆಯುತ್ತೇನೆ. ಊರ ಗಡಿಯಿಂದ ಒಬ್ಬಳೇ ತಿರುಗಿ ಬರುವುದಕ್ಕೆ ಯಾವ ದನಿಯಲ್ಲಿ ಏನು ಹೇಳಬೇಕೋ ನಿಮ್ಮ ಹಾಡಿನಲ್ಲಿಲ್ಲ, ಕೇಳೋಣವೆಂದರೆ ಇನ್ನೊಂದು ಕಾಗದಕ್ಕೆ ಅವಕಾಶವಿಲ್ಲ.

ಕಾಗದದ ಕೊನೆಗೆ 'ಬರುತ್ತೇನೆ' ಎಂದು ಬರೆಯುವುದು ನಮ್ಮ ವಾಡಿಕೆ. ಇವತ್ತು ಕೈ ಬರುತ್ತಿಲ್ಲ. ಚಿನ್ನಾಜಿ ಕೈ ಚಾಚಿ ನಿಂತಿದ್ದಾಳೆ. ಹೊತ್ತಾಯಿತು.

ನಿಂಗಾಜಮ್ಮ