ಹೋಗು ಎನ್ನಲಾರದ ರಾಜ

ಟೈಲರ್ ಅಂಗಡಿಯಿಂದ,
ಭಾನುವಾರ, 12ನೇ ತಾರೀಕು

ಮುದ್ದಿನ ಗುಂಡಿಗೆ,

ಅಪ್ಪನ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ದಿನವಿಡೀ ಸ್ಟೀರಿಂಗ್ ಹಿಡಿದು ಭುಜ ನೋಯುತ್ತಿರಬೇಕು, ಬಿಸಿನೀರಿನ ಶಾಖ ಕೊಟ್ಟುಕೋ. ರಸ್ತೆಯ ಗುಂಡಿ ನೋಡಿಕೊಂಡು ಬಸ್ಸು ಓಡಿಸು. (ನಗಬೇಡ, ನಿನ್ನನ್ನು ಹಾಗೆ ಕರೆಯತೊಡಗಿದಾಗ ನನ್ನ ತಲೆಯಲ್ಲಿದ್ದದ್ದು ಅಂಗಿಯ ಗುಂಡಿ ಮಾತ್ರ.) ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಸುಳ್ಳು ಯಾಕೆ? ನೀನು ಹೋಗಿ ಎರಡು ವರ್ಷವಾಯಿತು, ಒಂದು ಸಲವೂ ಬರಲಿಲ್ಲ. ಮನೆ ಬಿಕೋ ಎನ್ನುತ್ತಿದೆ. ಸೂಜಿಗೆ ದಾರ ಪೋಣಿಸಲೂ ಪಕ್ಕದ ಚಪ್ಪಲಿ ಅಂಗಡಿಯವನನ್ನು ಕೂಗಬೇಕು. ಅವನೋ, ದಾರ ಪೋಣಿಸುವಷ್ಟರಲ್ಲಿ ತನ್ನ ಮೂವರು ಅಳಿಯಂದಿರ ಪುರಾಣ ಮುಗಿಸಿರುತ್ತಾನೆ.

ಬೀದಿಯ ಕೊನೆಯ ಬುದ್ಧವಿಹಾರ ನೆನಪಿದೆಯಲ್ಲ? ಅಲ್ಲಿಗೆ ಹೊಸ ಭಿಕ್ಷು ಬಂದಿದ್ದಾರೆ, ಎಲ್ಲರೂ ಭಂತೇಜಿ ಅನ್ನುತ್ತಾರೆ. ಪ್ರವಚನ ಅಂದರೆ ಅವರಿಗೇ ಆಕಳಿಕೆಯಂತೆ. ಗೋಡೆ ತುಂಬ ಚಿತ್ರ ಬರೆಸುತ್ತಾರೆ, ಹಾಡಿಸುತ್ತಾರೆ, ಬುದ್ಧನ ಕಥೆಯನ್ನು ನಾಟಕ ಆಡಿಸುತ್ತಾರೆ. ನಾನು ಉಡುಪು ಹೊಲಿಯಲು ಹೋದವನು. ಅಷ್ಟರಲ್ಲಿ ರಾಜನ ಪಾತ್ರದ ಮೇಷ್ಟ್ರು ಕಾಲು ಉಳುಕಿಸಿಕೊಂಡರು. ಅವರ ನಿಲುವಂಗಿಯನ್ನು ನಾನೇ ತೊಟ್ಟು ನೋಡುತ್ತಿದ್ದೆ. ಭಂತೇಜಿ ನೋಡಿ, "ಸರಿಯಾಗಿ ಕೂತಿದೆಯಲ್ಲ, ನೀವೇ ಮಾಡಿಬಿಡಿ" ಅಂದರು. ಇವರ ನಾಟಕದಲ್ಲಿ ಸಿದ್ಧಾರ್ಥ ರಾತ್ರೋರಾತ್ರಿ ಹೋಗುವುದಿಲ್ಲ, ಹೇಳಿಯೇ ಮನೆ ಬಿಡುತ್ತಾನೆ. ಅವನಿಗೆ ತಂದೆ ಎದೆ ಕಲ್ಲು ಮಾಡಿಕೊಂಡು "ಹೋಗು ಮಗನೇ" ಎನ್ನಬೇಕು. ನನಗಿದ್ದದ್ದು ಅದೊಂದೇ ಮಾತು, ಅದೂ ಬಾಯಿಗೆ ಬರಲಿಲ್ಲ ಕಣೇ. ಪ್ರತಿ ತಾಲೀಮಿನಲ್ಲೂ "ಹೋಗಿ ಬಾ" ಎಂದೇ ಹೇಳುತ್ತಿದ್ದೆ. "ಅವನು ವಾಪಸ್ ಬರೋಕೆ ಹೋಗ್ತಿಲ್ಲ ಟೈಲರ್ರೇ, ಬರೀ ಹೋಗು ಅನ್ನಿ" ಎಂದು ಭಂತೇಜಿ ತಿದ್ದಿ ತಿದ್ದಿ ಸುಸ್ತಾದರು.

ನಿನ್ನೆ ಸಂಜೆ ನಾಟಕ. ಅಂಗಳ ತುಂಬ ಜನ, ಚಪ್ಪಲಿ ಅಂಗಡಿಯವನು ಮುಂದಿನ ಸಾಲಿನಲ್ಲೇ. ಸಿದ್ಧಾರ್ಥ ಕಾಲಿಗೆ ನಮಸ್ಕರಿಸಿ ಎದ್ದ. ನಾನು ಬಾಯಿ ತೆರೆದೆ. "ಹೋಗಿ ಬಾ ಮಗಳೇ!" ಜನ ಬಿದ್ದು ಬಿದ್ದು ನಕ್ಕರು. ನಗು ತಡೆಯಲಾಗದೆ ಸಿದ್ಧಾರ್ಥನ ಕಿರೀಟವೂ ಜಾರಿತು. ನನಗೆ ಮಾತ್ರ ಅಳು ಬಂತು. ಅಷ್ಟು ಕಷ್ಟಪಟ್ಟು ಹೊಲಿದ ನಿಲುವಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡೆ. ಭಂತೇಜಿ ಬೈಯಲಿಲ್ಲ. ಆಮೇಲೆ ಬಣ್ಣ ಒರೆಸುವಾಗ ಪಕ್ಕದಲ್ಲಿ ಕೂತು, "ಎಷ್ಟೋ ವರ್ಷ ಆದ್ಮೇಲೆ ಬುದ್ಧ ಅಪ್ಪನ್ನ ನೋಡೋಕೆ ಬಂದ. ನಿಮ್ಮ ಮಾತು ಪೂರ್ತಿ ತಪ್ಪೇನಲ್ಲ" ಅಂದರು. ಎಷ್ಟೋ ವರ್ಷವಂತೆ! ನನ್ನ ಬಿ.ಪಿ.ಗೆ ಅಷ್ಟು ತಾಳ್ಮೆ ಇಲ್ಲಮ್ಮ.

ನಿನಗೂ, ನಿನ್ನ ಬಸ್ಸಿಗೂ, ಅದರಲ್ಲಿ ಕೂತವರಿಗೂ ಒಳ್ಳೆಯದಾಗಲಿ.

ನಿನ್ನ
ಅಪ್ಪ

ತಾ.ಕ.: ಕೆಲಸಕ್ಕೆ ಹೊರಟ ದಿನ ನೀನು ಬಾಗಿಲಲ್ಲಿ ನಿಂತು "ಬರ್ತೀನಪ್ಪಾ" ಅಂದೆ. ಹೆಣ್ಣುಮಗಳು ಬಸ್ಸು ಓಡಿಸುವುದೇ ಎಂಬ ಸಿಟ್ಟಿನಲ್ಲಿ, ಹೊಲಿಗೆ ಮೆಷಿನ್‌ನಿಂದ ತಲೆಯನ್ನೂ ಎತ್ತದೆ ನಾನು "ಹೋಗು" ಅಂದೆ. ಇನ್ನೊಂದು ಮಾತು ಗಂಟಲಲ್ಲೇ ಉಳಿದಿತ್ತು ಗುಂಡಿ. ಬಾ.