ಗುರುವಾರ ಡಾಕ್ಟರ ಮುಂದೆ ನಾನೇ ಮಾತಾಡ್ತೀನಿ

ಇರ್ಬಿದ್,
ಅಕ್ಟೋಬರ್ ೧೪

ಪ್ರೀತಿಯ ಹೈಫಾ ಅಕ್ಕನಿಗೆ,

ಕುವೈತಿನಲ್ಲಿ ನೀನು, ಭಾವ, ಮಕ್ಕಳು ದೇವರ ನೆರಳಲ್ಲಿ ತಣ್ಣಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬೈಯಬೇಡ. ಪೆನ್ನು ಹಿಡಿದು ಕೂತರೆ ಸಾಕು, ಯಾರಾದರೂ ಬಂದು ‘ಮಲಗು’ ಅನ್ನುತ್ತಾರೆ. ಪಕ್ಕದ ಮನೆಯ ನಜ್ವಾ ನಾಳೆ ನಿಮ್ಮೂರಿಗೆ ಹೊರಟಿದ್ದಾಳೆ, ಅವಳ ಕೈಲೇ ಕಳಿಸುತ್ತೇನೆ.

ಹೋದ ತಿಂಗಳು ಒಂದು ದಿನ, ನನ್ನ ಡ್ರೈವಿಂಗ್ ಕ್ಲಾಸಿಗೆ ಬರುವ ಉಮ್ ಲೈತ್‌ಗೆ ಕಾರು ಕಲಿಸುತ್ತಿದ್ದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವಳು, ಲಾರಿ ಕಂಡರೆ ಕಣ್ಣು ಮುಚ್ಚುತ್ತಾಳೆ. ವಿಶ್ವವಿದ್ಯಾಲಯದ ಹತ್ತಿರ ನನ್ನ ಎಡಗೈ ತಾನಾಗಿಯೇ ಸೆಟೆದು ಅದುರತೊಡಗಿತು. ಆಮೇಲೇನೂ ನೆನಪಿಲ್ಲ. ಎಚ್ಚರವಾದಾಗ ಕಾರು ರಸ್ತೆ ಪಕ್ಕ ನೆಟ್ಟಗೆ ನಿಂತಿತ್ತು. ‘ಟೀಚರ್, ಇಂಡಿಕೇಟರ್ ಹಾಕಿಯೇ ನಿಲ್ಲಿಸ್ದೆ’ ಅಂದಳು, ಅಳುತ್ತಾ.

ತಲೆಯ ಸ್ಕ್ಯಾನ್ ಆಯಿತು. ಡಾಕ್ಟರು ನನ್ನ ಗಂಡ ಮುಂದಿರ್‌ನನ್ನು ಮಾತ್ರ ಒಳಗೆ ಕರೆದರು. ಹೊರಬಂದವನು ಗೋಡೆ ನೋಡುತ್ತಾ, ‘ಸಣ್ಣ ನೀರುಗುಳ್ಳೆ, ಮಾತ್ರೆಗೆ ಕರಗುತ್ತೆ’ ಅಂದ. ನಂಬಿದೆ. ಆದರೆ ಆ ವಾರ ನಮ್ಮತ್ತೆ ಮದುವೆಯಾದಾಗಿನಿಂದ ಮೊದಲ ಸಲ ನಾನು ಮಾಡಿದ ಮಕ್ಲೂಬೆ ಅನ್ನ ರುಚಿಯಾಗಿದೆ ಅಂದರು. ಅನುಮಾನ ಶುರುವಾಗಿದ್ದು ಅಲ್ಲಿ.

ಔಷಧದಂಗಡಿಗೆ ನಾನೇ ಹೋದೆ. ಈ ಮಾತ್ರೆ ಯಾತಕ್ಕೆ ಎಂದು ಕೇಳಿದೆ.

‘ಮೆದುಳಿನ ಗಡ್ಡೆ ಸುತ್ತ ಊತ ಇಳಿಸೋಕೆ. ರೋಗಿ ನಿಮಗೇನಾಗ್ಬೇಕು?’

‘ಹತ್ತಿರದವಳು’ ಅಂದು ಬಂದೆ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಮುಂದಿರ್ ಕೈಲಿದ್ದ ರೊಟ್ಟಿ ಕೆಳಗಿಟ್ಟ. ‘ಹೇಳಿದ್ರೆ ನೀನು ಕುಸಿದುಹೋಗ್ತೀಯ ಅಂತ...’

‘ತಲೆ ನಂದು. ಅದರೊಳಗೇನಿದೆ ಅಂತ ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿಲ್ಲ ಅಂದ್ರೆ ಹೇಗೆ?’

ಅವನು ಅತ್ತ. ನನಗೆ ಬಂದ ಸಿಟ್ಟಿನಲ್ಲಿ ಅಳುವುದಕ್ಕೆ ಜಾಗವೇ ಇರಲಿಲ್ಲ.

ಮುಂದಿನ ಗುರುವಾರ ಅಮ್ಮಾನ್‌ನಲ್ಲಿ ಆಪರೇಷನ್ ಮಾಡುವ ಡಾಕ್ಟರ ಭೇಟಿ. ಸ್ಕ್ಯಾನ್ ಚಿತ್ರ, ಮಾತ್ರೆ ಎಲ್ಲ ಒಂದು ಚೀಲಕ್ಕೆ ಹಾಕಿಟ್ಟಿದ್ದೇನೆ. ಕೈ ಅದುರಿದಾಗಲೆಲ್ಲ ಮಗಳು ಫೋನಿನಲ್ಲಿ ವಿಡಿಯೋ ತೆಗೆಯುತ್ತಾಳೆ, ಡಾಕ್ಟರು ಕಣ್ಣಾರೆ ನೋಡಲಿ ಅಂತ. ಅತ್ತೆಗೆ ಭಯ: ‘ಅಷ್ಟೊಂದು ಪ್ರಶ್ನೆ ಹಾಕ್ಬೇಡಮ್ಮ, ಸಿಟ್ಟಿಗೆ ಆಪರೇಷನ್‌ನಲ್ಲಿ ಅವರ ಕೈ ತಪ್ಪಿದರೆ?’

ಅಡುಗೆಮನೆಯಲ್ಲಿ ಅಭ್ಯಾಸ ನಡೆದಿದೆ. ಮುಂದಿರ್‌ದು ಡಾಕ್ಟರ ಪಾತ್ರ. ಗಡ್ಡೆ ಪೂರ್ತಿ ತೆಗೀಬಹುದಾ, ಎಡಗೈ ಉಳಿಯುತ್ತಾ, ಮತ್ತೆ ಸ್ಟಿಯರಿಂಗ್ ಹಿಡೀತೀನಾ ಅಂತ ಕೇಳಿದೆ. ಗಂಟಲು ಸರಿಮಾಡಿಕೊಂಡು ಎಲ್ಲ ತಿಳಿದವನ ಹಾಗೆ ಉತ್ತರ ಕೊಟ್ಟ. ‘ಎಷ್ಟು ಕಾಲ ಬದುಕ್ತೀನಿ?’ ಅಂದಾಗ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ. ಕರೆತಂದು ಕೂರಿಸಿದೆ, ಮತ್ತೆ ಕೇಳಿದೆ. ಮತ್ತೆ ಎದ್ದ, ಮತ್ತೆ ಕೂರಿಸಿದೆ. ಈಗ ಆ ಪ್ರಶ್ನೆಗೂ ಕೂತೇ ಇರುತ್ತಾನೆ. ಗುರುವಾರ ಅವನಿಂದ ನನಗೆ ಬೇಕಾದದ್ದು ಅಷ್ಟೇ.

ಮಕ್ಕಳ ಹಣೆಗೆ ನನ್ನ ಮುತ್ತು. ನಿನ್ನ ಬಾಗಿಲು ತಟ್ಟುವ ಸುದ್ದಿಯೆಲ್ಲ ಒಳ್ಳೆಯದೇ ಆಗಿರಲಿ.

ನಿನ್ನ ತಂಗಿ,
ಇನ್ಸಾಫ್

ಮರೆತಿದ್ದೆ: ಇದನ್ನೆಲ್ಲ ನಿನಗೆ ಹೊಸತೆಂಬಂತೆ ಬರೆದೆ. ‘ಅವಳಿಗೆ ಹೇಳ್ಬೇಡ’ ಎಂದು ಮುಂದಿರ್‌ಗೆ ಫೋನಿನಲ್ಲಿ ಹೇಳಿಕೊಟ್ಟವಳು ನೀನು ಅಂತ ನಿನ್ನೆ ಗೊತ್ತಾಯಿತು. ಅಪ್ಪ ಕಾಯಿಲೆಯಿಂದ ಮಲಗಿದಾಗಲೂ ನನ್ನ ಪರೀಕ್ಷೆ ಮುಗಿಯಲಿ ಅಂತ ನೀನೇ ಮುಚ್ಚಿಟ್ಟಿದ್ದೆ. ನಾನು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಆವತ್ತಿನಿಂದ ನಿನ್ನನ್ನು ಅದರ ಬಗ್ಗೆ ಒಂದು ಮಾತೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಬುಧವಾರದೊಳಗೆ ಬಾ. ಡಾಕ್ಟರ ಕೋಣೆಯಲ್ಲಿ ನನ್ನ ಪಕ್ಕ ಕೂತು, ಅವರು ಹೇಳುವುದನ್ನು ನನ್ನ ಜೊತೆಯಲ್ಲೇ ಕೇಳು.